ಲಾಜಾರೊ ಸ್ಪಲ್ಲಂಜಾನಿ

ಲಾಜಾರೊ ಸ್ಪಲ್ಲಂಜಾನಿ (12 ಜನವರಿ 1729 – 11 ಫೆಬ್ರವರಿ 1799) ಹದಿನೆಂಟನೆಯ ಶತಮಾನದ ಇಟಲಿಯ ಜೀವವಿಜ್ಞಾನಿ, ಶರೀರಕ್ರಿಯಾ ವಿಜ್ಞಾನಿ ಮತ್ತು ಕ್ಯಾಥೊಲಿಕ್ ಪಾದ್ರಿ. ಸೂಕ್ಷ್ಮಜೀವಿಗಳ ಹುಟ್ಟು, ಜೀರ್ಣಕ್ರಿಯೆ, ಗರ್ಭಧಾರಣೆ, ರಕ್ತ ಪರಿಚಲನೆ ಮತ್ತು ಅಂಗಗಳ ಪುನರುತ್ಪತ್ತಿಯ ಕುರಿತು ಅವರು ನಡೆಸಿದ ಪ್ರಯೋಗಗಳು ಪ್ರಾಯೋಗಿಕ ಜೀವವಿಜ್ಞಾನಕ್ಕೆ ಅಡಿಪಾಯ ಹಾಕಿದವು. ಬಾವಲಿಗಳು ಕತ್ತಲಲ್ಲಿ ದಾರಿ ಕಂಡುಕೊಳ್ಳುವುದು ಕಣ್ಣಿನಿಂದಲ್ಲ, ಕಿವಿಯಿಂದ ಎಂಬುದನ್ನು ಪ್ರಯೋಗದ ಮೂಲಕ ತೋರಿಸಿದ ಮೊದಲಿಗರಲ್ಲಿ ಅವರು ಪ್ರಮುಖರು.

ಬಾವಲಿಗಳ ಬಗೆಗಿನ ಅವರ ನಿರ್ಣಯವನ್ನು ಸಮಕಾಲೀನ ವಿದ್ವಾಂಸರು ಒಪ್ಪಲಿಲ್ಲ. ಕಿವಿಗೆ ಕೇಳಿಸುವ ಯಾವ ಶಬ್ದವನ್ನೂ ಮಾಡದೆ ಹಾರುವ ಪ್ರಾಣಿಯು ಕಿವಿಯಿಂದ ದಾರಿ ಅರಿಯುತ್ತದೆ ಎಂಬ ಮಾತು ಆ ಕಾಲಕ್ಕೆ ಅಸಂಗತವಾಗಿ ಕಂಡಿತು. ಸುಮಾರು 140 ವರ್ಷಗಳ ನಂತರ, ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿಯನ್ನು ಗ್ರಹಿಸುವ ಉಪಕರಣ ಸಿದ್ಧವಾದ ಮೇಲೆ, ಅವರ ನಿರ್ಣಯವು ಸರಿಯೆಂದು ಸಿದ್ಧಪಟ್ಟಿತು.

ಜನನ ಮತ್ತು ವಿದ್ಯಾಭ್ಯಾಸ

ಸ್ಪಲ್ಲಂಜಾನಿಯವರು ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಈ ಪಟ್ಟಣವು ಇಂದು ರೆಜ್ಜೊ ಎಮಿಲಿಯಾ ಪ್ರಾಂತ್ಯಕ್ಕೆ ಸೇರಿದೆ. ಅವರ ತಂದೆ ವಕೀಲರಾಗಿದ್ದರು. ಕನ್ನಡ ನಾಡಿನ ಇತಿಹಾಸದೊಂದಿಗೆ ಹೋಲಿಸಿ ನೋಡುವುದಾದರೆ, ಇಂದಿನ ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ನೆಲೆಸಿ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು (1728–1809) ಅವರ ಸಮಕಾಲೀನರು.

ಹದಿನೈದನೆಯ ವಯಸ್ಸಿನಲ್ಲಿ ಅವರು ರೆಜ್ಜೊದ ಜೆಸ್ಯೂಟ್ ಕಾಲೇಜನ್ನು ಸೇರಿದರು. ಅಲ್ಲಿ ತತ್ತ್ವಶಾಸ್ತ್ರವನ್ನೂ ಪ್ರಾಚೀನ ಭಾಷೆಗಳನ್ನೂ ಕಲಿತ ನಂತರ, ತಂದೆಯ ಇಚ್ಛೆಯಂತೆ ಕಾನೂನು ಓದಲು ಬೊಲೊನ್ಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಬೊಲೊನ್ಯಾದಲ್ಲಿ ಅವರ ಬಂಧುವಾಗಿದ್ದ ಲೌರಾ ಬಾಸ್ಸಿಯವರು ಭೌತವಿಜ್ಞಾನದ ಪ್ರಾಧ್ಯಾಪಕಿಯಾಗಿದ್ದರು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಿದ ಮೊದಲ ಮಹಿಳೆಯರಲ್ಲಿ ಬಾಸ್ಸಿಯವರು ಒಬ್ಬರು. ಅವರ ಪ್ರಭಾವದಿಂದ ಸ್ಪಲ್ಲಂಜಾನಿಯವರ ಒಲವು ಕಾನೂನಿನಿಂದ ಗಣಿತ ಮತ್ತು ನಿಸರ್ಗ ವಿಜ್ಞಾನದ ಕಡೆಗೆ ಹೊರಳಿತು. ತಂದೆಯ ಒಪ್ಪಿಗೆ ಪಡೆಯಲು ವಿಜ್ಞಾನಿ ಅಂತೋನಿಯೊ ವಲ್ಲಿಸ್ನೇರಿ ನೆರವಾದರು. ಮುಂದೆ ಸ್ಪಲ್ಲಂಜಾನಿಯವರು ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು ಪಾದ್ರಿ ದೀಕ್ಷೆಯನ್ನೂ ಸ್ವೀಕರಿಸಿದರು. ಆದಕಾರಣ ಅವರು ಆಬೆ ಸ್ಪಲ್ಲಂಜಾನಿ ಎಂದೂ ಪ್ರಸಿದ್ಧರು.

ವೃತ್ತಿಜೀವನ

ಆರಂಭದಲ್ಲಿ ಅವರು ರೆಜ್ಜೊದಲ್ಲಿ ತರ್ಕಶಾಸ್ತ್ರ, ತತ್ತ್ವಶಾಸ್ತ್ರ ಮತ್ತು ಗ್ರೀಕ್ ಭಾಷೆಯನ್ನು ಬೋಧಿಸಿದರು. 1763ರಲ್ಲಿ ಮೊಡೆನಾಕ್ಕೆ ತೆರಳಿದರು. 1768ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1769ರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಮರಿಯಾ ತೆರೇಸಾ ಅವರ ಆಡಳಿತವು ಅವರನ್ನು ಪಾವಿಯಾ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ವಿಭಾಗದ ಪ್ರಾಧ್ಯಾಪಕ ಹುದ್ದೆಗೆ ಆಹ್ವಾನಿಸಿತು. ಜೀವನದ ಕೊನೆಯವರೆಗೂ ಅವರು ಅದೇ ಹುದ್ದೆಯಲ್ಲಿದ್ದರು. ಅಲ್ಲಿನ ನಿಸರ್ಗ ಇತಿಹಾಸ ಸಂಗ್ರಹಾಲಯವನ್ನು ಬೆಳೆಸಿದ ಕೀರ್ತಿ ಅವರದು.

ಸಂಗ್ರಹಾಲಯಕ್ಕಾಗಿ ಮಾದರಿಗಳನ್ನು ತರಲು ಅವರು ಮೆಡಿಟರೇನಿಯನ್ ತೀರಗಳಲ್ಲಿ ವ್ಯಾಪಕವಾಗಿ ಸಂಚರಿಸಿದರು. 1785ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಪ್ರವಾಸ ಹೋದಾಗ, ಅವರು ಊರಲ್ಲಿಲ್ಲದ ಸಮಯದಲ್ಲಿ ಕೆಲವು ಸಹೋದ್ಯೋಗಿಗಳು ಸಂಗ್ರಹಾಲಯದ ವಸ್ತುಗಳನ್ನು ಅವರು ಕದ್ದಿದ್ದಾರೆ ಎಂಬ ಆರೋಪ ಹೊರಿಸಿದರು. ತನಿಖೆಯ ನಂತರ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. 1788ರಲ್ಲಿ ಅವರು ವೆಸೂವಿಯಸ್, ಎಟ್ನಾ, ಸ್ಟ್ರಾಂಬೋಲಿ ಮೊದಲಾದ ಜ್ವಾಲಾಮುಖಿಗಳನ್ನು ಸಂದರ್ಶಿಸಿದರು. ಆ ಪ್ರವಾಸದ ವಿವರಗಳು ಮುಂದೆ ಗ್ರಂಥರೂಪದಲ್ಲಿ ಹಲವು ಸಂಪುಟಗಳಾಗಿ ಪ್ರಕಟವಾದವು.

ಪ್ರಮುಖ ಸಂಶೋಧನೆಗಳು

ಕೊಳೆಯುವ ಪದಾರ್ಥಗಳಿಂದ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಆ ಕಾಲದಲ್ಲಿ ಪ್ರಬಲವಾಗಿತ್ತು. ಇಂಗ್ಲೆಂಡಿನ ಜಾನ್ ನೀಡಮ್ ಮಾಂಸದ ಸಾರನ್ನು ಕಾಯಿಸಿ, ಪಾತ್ರೆಯ ಬಾಯಿ ಮುಚ್ಚಿಟ್ಟರೂ ಅದರಲ್ಲಿ ಜೀವಿಗಳು ಕಾಣಿಸಿಕೊಂಡವೆಂದು ವಾದಿಸಿದ್ದರು. ಸ್ಪಲ್ಲಂಜಾನಿಯವರು ಗಾಜಿನ ಸೀಸೆಗಳ ಕತ್ತನ್ನು ಬೆಂಕಿಯಲ್ಲಿ ಕರಗಿಸಿ ಸಂಪೂರ್ಣವಾಗಿ ಬೆಸೆದು, ಒಳಗಿನ ದ್ರವವನ್ನು ಹೆಚ್ಚು ಹೊತ್ತು ಕುದಿಸಿದರು. ಹಾಗೆ ಮಾಡಿದಾಗ ಯಾವ ಜೀವಿಯೂ ಹುಟ್ಟಲಿಲ್ಲ. 1765ರಲ್ಲಿ ಪ್ರಕಟವಾದ ಈ ಫಲಿತಾಂಶಗಳು ವಿವಾದವನ್ನು ಪೂರ್ಣವಾಗಿ ಬಗೆಹರಿಸಲಿಲ್ಲ. ಸುಮಾರು ಒಂದು ಶತಮಾನದ ನಂತರ ಲೂಯಿ ಪಾಶ್ಚರ್ ಅವರ ಪ್ರಯೋಗಗಳಿಂದ ಅದು ಇತ್ಯರ್ಥವಾಯಿತು.

ಜೀರ್ಣಕ್ರಿಯೆಯು ಕೇವಲ ಅರೆಯುವ ಕೆಲಸವಲ್ಲ, ಜಠರರಸವು ಆಹಾರವನ್ನು ಕರಗಿಸುವ ರಾಸಾಯನಿಕ ಕ್ರಿಯೆ ಎಂಬುದನ್ನು ಅವರು ತೋರಿಸಿದರು. ಇದಕ್ಕಾಗಿ ಬಟ್ಟೆಯ ಚಿಕ್ಕ ಚೀಲಗಳಲ್ಲಿ ರೊಟ್ಟಿ ಮತ್ತು ಮಾಂಸವನ್ನು ತುಂಬಿ ತಾವೇ ನುಂಗಿ ಪರೀಕ್ಷಿಸಿದರು. ಕಪ್ಪೆಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಮೊಟ್ಟೆಯು ಫಲಿತವಾಗಲು ವೀರ್ಯದ ಸಂಪರ್ಕ ಅಗತ್ಯವೆಂದು ಕಂಡುಕೊಂಡರು. ನಾಯಿಯಲ್ಲಿ ಕೃತಕ ಗರ್ಭಧಾರಣೆಯನ್ನು ಯಶಸ್ವಿಯಾಗಿ ನಡೆಸಿದರು. ಆದರೆ ವೀರ್ಯಾಣುಗಳ ನಿಜವಾದ ಪಾತ್ರವನ್ನು ಅವರು ಗುರುತಿಸಲಿಲ್ಲ. ಭ್ರೂಣವು ಮೊಟ್ಟೆಯೊಳಗೆ ಮೊದಲೇ ಅಡಕವಾಗಿರುತ್ತದೆ ಎಂಬ ಆ ಕಾಲದ ಕಲ್ಪನೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಸಾಲಮಾಂಡರ್‌ಗಳ ಬಾಲ, ಬಸವನಹುಳುಗಳ ತಲೆ ಮೊದಲಾದ ಅಂಗಗಳು ಮತ್ತೆ ಬೆಳೆಯುವುದರ ಕುರಿತು 1768ರಲ್ಲಿ ಅವರು ಪ್ರಕಟಿಸಿದ ಕೃತಿ ಯುರೋಪಿನಾದ್ಯಂತ ಕುತೂಹಲ ಕೆರಳಿಸಿತು. ಫ್ರಾನ್ಸಿನ ಲೇಖಕ ವಾಲ್ಟೇರ್ ಸಹ ಬಸವನಹುಳುಗಳ ಮೇಲೆ ಸ್ವತಃ ಪ್ರಯೋಗ ಮಾಡಿ ನೋಡಿದರು.

ಬಾವಲಿಗಳ ಮೇಲಿನ ಪ್ರಯೋಗಗಳು

ಗೂಬೆ ಮತ್ತು ಬಾವಲಿ

1793ರಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ, ಸ್ಪಲ್ಲಂಜಾನಿಯವರು ರಾತ್ರಿ ಸಂಚರಿಸುವ ಪ್ರಾಣಿಗಳ ಅಧ್ಯಯನವನ್ನು ಕೈಗೊಂಡರು. ಅವರ ಬಳಿ ಸಾಕಿದ ಗೂಬೆಯೊಂದಿತ್ತು. ಮೇಣದ ಬತ್ತಿಯ ಮಂದ ಬೆಳಕಿರುವ ಕೋಣೆಯಲ್ಲಿ ಅದು ಸರಾಗವಾಗಿ ಹಾರುತ್ತಿತ್ತು. ಬತ್ತಿ ಆರಿ ಪೂರ್ಣ ಕತ್ತಲೆ ಕವಿದೊಡನೆ ಗೋಡೆಗಳಿಗೆ ಡಿಕ್ಕಿ ಹೊಡೆಯುತ್ತಿತ್ತು. ಅದೇ ಕೋಣೆಯಲ್ಲಿ ಬಾವಲಿಗಳನ್ನು ಬಿಟ್ಟಾಗ, ಬೆಳಕು ಇರಲಿ ಇಲ್ಲದಿರಲಿ, ಅವು ಯಾವುದಕ್ಕೂ ತಾಗದೆ ಹಾರಿದವು. ಚಾವಣಿಯಿಂದ ತೂಗುಬಿಟ್ಟ ತೆಳು ದಾರಗಳ ನಡುವೆಯೂ ಅವು ನುಸುಳಿಕೊಂಡು ಹೋದವು. ಗೂಬೆಗೆ ಅತ್ಯಲ್ಪವಾದರೂ ಬೆಳಕು ಬೇಕು, ಬಾವಲಿಗೆ ಬೆಳಕೇ ಬೇಡ ಎಂಬ ಈ ವ್ಯತ್ಯಾಸವೇ ಮುಂದಿನ ಎಲ್ಲ ಪ್ರಯೋಗಗಳಿಗೆ ಕಾರಣವಾಯಿತು.

ಮೊದಲು ಅವರು ಬಾವಲಿಗಳ ತಲೆಗೆ ಬಟ್ಟೆಯ ಮುಸುಕು ತೊಡಿಸಿದರು. ಮುಸುಕಿದ ಬಾವಲಿಗಳು ದಿಕ್ಕು ತಪ್ಪಿದವು. ಇದರಿಂದ ಕಣ್ಣೇ ಕಾರಣವೆಂದು ತೋರುವಂತಿತ್ತು. ಆದರೆ ಕಣ್ಣುಗಳನ್ನು ನಾಶಪಡಿಸಿ ಕುರುಡಾಗಿಸಿದ ಬಾವಲಿಗಳು ಕಣ್ಣಿರುವ ಬಾವಲಿಗಳಂತೆಯೇ ಹಾರಿದವು. ಎರಡು ಫಲಿತಾಂಶಗಳ ನಡುವಿನ ಈ ವಿರೋಧಕ್ಕೆ ಕಾರಣ ಇಂದು ಸ್ಪಷ್ಟವಾಗಿದೆ: ಮುಸುಕು ಕಣ್ಣನ್ನಷ್ಟೇ ಅಲ್ಲದೆ ಮೂತಿ ಮತ್ತು ಕಿವಿಗಳನ್ನೂ ಮುಚ್ಚುತ್ತಿತ್ತು.

ಕೋಣೆಯೊಳಗಿನ ಹಾರಾಟಕ್ಕಷ್ಟೇ ಅವರು ತೃಪ್ತರಾಗಲಿಲ್ಲ. ಪಾವಿಯಾದ ಮುಖ್ಯ ಚರ್ಚಿನ ಗಂಟೆಗೋಪುರದಲ್ಲಿ ವಾಸವಾಗಿದ್ದ ಬಾವಲಿಗಳನ್ನು ಹಿಡಿದು, ಕುರುಡಾಗಿಸಿ ಹೊರಗೆ ಬಿಟ್ಟರು. ಕೆಲವು ದಿನಗಳ ನಂತರ ಬೆಳಗಿನ ಜಾವ ಅದೇ ಗೋಪುರದಲ್ಲಿ ಅವುಗಳಲ್ಲಿ ಕೆಲವನ್ನು ಮತ್ತೆ ಹಿಡಿದರು. ಅವುಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ, ಕಣ್ಣಿರುವ ಬಾವಲಿಗಳ ಹೊಟ್ಟೆಯಲ್ಲಿರುವಷ್ಟೇ ಕೀಟಗಳು ಅವುಗಳಲ್ಲಿಯೂ ಇದ್ದವು. ಕಣ್ಣಿಲ್ಲದ ಬಾವಲಿ ಅಡೆತಡೆಗಳನ್ನು ತಪ್ಪಿಸಿಕೊಳ್ಳುವುದು ಮಾತ್ರವಲ್ಲದೆ, ಹಾರುತ್ತಿರುವ ಕೀಟವನ್ನು ಬೇಟೆಯಾಡಿ ಗೂಡಿಗೂ ಮರಳಬಲ್ಲುದು ಎಂಬುದು ಇದರಿಂದ ಸಿದ್ಧವಾಯಿತು.

ಆರನೆಯ ಇಂದ್ರಿಯದ ಊಹೆ

ನಂತರ ಅವರು ಇಂದ್ರಿಯಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಸ್ಪರ್ಶವನ್ನು ತಡೆಯಲು ಮೈಗೂ ರೆಕ್ಕೆಗೂ ವಾರ್ನಿಷ್ ಲೇಪಿಸಿದರು. ವಾಸನೆಯನ್ನು ತಡೆಯಲು ಮೂಗನ್ನು ಮುಚ್ಚಿದರು. ರುಚಿಯ ಪಾತ್ರವನ್ನು ಅರಿಯಲು ನಾಲಗೆಯನ್ನು ತೆಗೆದರು. ಇವುಗಳಿಂದ ಹಾರಾಟದ ನಿಖರತೆ ಕುಂದಲಿಲ್ಲ. ಆಗ ತಿಳಿದಿದ್ದ ಐದು ಇಂದ್ರಿಯಗಳಲ್ಲಿ ಯಾವುದೂ ಇದನ್ನು ವಿವರಿಸುವಂತೆ ಕಾಣದಿದ್ದಾಗ, ಬಾವಲಿಗಳಲ್ಲಿ ಮನುಷ್ಯನಿಗಿಲ್ಲದ ಹೊಸದೊಂದು ಇಂದ್ರಿಯವಿರಬಹುದೆಂದು ಅವರು ಊಹಿಸಿದರು. ಟ್ಯೂರಿನ್ನಿನ ವಸ್ಸಾಲಿ, ಜಿನೀವಾದ ಜಾನ್ ಸೆನೆಬಿಯೆ ಮೊದಲಾದ ವಿದ್ವಾಂಸರಿಗೆ ಪತ್ರ ಬರೆದು, ಪ್ರಯೋಗಗಳನ್ನು ತಾವೂ ನಡೆಸಿ ನೋಡುವಂತೆ ಕೋರಿದರು. ಈ ಪತ್ರಗಳು 1794ರಲ್ಲಿ ಪ್ರಕಟವಾದವು.

ಜ್ಯೂರಿನ್ ಅವರ ಪ್ರಯೋಗ ಮತ್ತು ಹಿತ್ತಾಳೆಯ ನಳಿಕೆಗಳು

ಈ ಪತ್ರಗಳ ವಿಷಯ ತಿಳಿದ ಜಿನೀವಾದ ಶಸ್ತ್ರವೈದ್ಯ ಲೂಯಿ ಜ್ಯೂರಿನ್, ಬಾವಲಿಗಳ ಕಿವಿಗಳನ್ನು ಬಿಗಿಯಾಗಿ ಮುಚ್ಚಿ ಪ್ರಯೋಗ ನಡೆಸಿದರು. ಕಿವಿ ಮುಚ್ಚಿದ ಬಾವಲಿಗಳು ಎದುರಿಗೆ ಬಂದ ವಸ್ತುಗಳಿಗೆಲ್ಲ ಡಿಕ್ಕಿ ಹೊಡೆದವು. 1794ರಲ್ಲಿ ಅವರು ಈ ಫಲಿತಾಂಶವನ್ನು ತಿಳಿಸಿದಾಗ ಸ್ಪಲ್ಲಂಜಾನಿಯವರು ಮೊದಲು ಸಂಶಯಪಟ್ಟರು. ಕಿವಿಯಲ್ಲಿ ತುಂಬಿದ ವಸ್ತುವಿನ ನೋವು ಅಥವಾ ಭಾರದಿಂದಲೇ ಬಾವಲಿ ತಬ್ಬಿಬ್ಬಾಗಿರಬಹುದಲ್ಲವೆ ಎಂಬ ಪ್ರಶ್ನೆ ಎದುರಿತ್ತು.

ಈ ಸಂಶಯವನ್ನು ನಿವಾರಿಸಲು ಅವರು ರೂಪಿಸಿದ ಪ್ರಯೋಗವು ವೈಜ್ಞಾನಿಕ ವಿಧಾನಕ್ಕೆ ಉತ್ತಮ ನಿದರ್ಶನವಾಗಿದೆ. ಹಿತ್ತಾಳೆಯ ತಗಡಿನಿಂದ ಅತಿ ಚಿಕ್ಕ ನಳಿಕೆಗಳನ್ನು ಮಾಡಿಸಿ ಬಾವಲಿಗಳ ಕಿವಿಗಳಲ್ಲಿ ಕೂರಿಸಿದರು. ನಳಿಕೆ ತೆರೆದಿದ್ದಾಗ ಬಾವಲಿ ದಾರಿ ಕಂಡುಕೊಂಡಿತು. ಅದೇ ನಳಿಕೆಯ ರಂಧ್ರವನ್ನು ಮುಚ್ಚಿದಾಗ ದಿಕ್ಕು ತಪ್ಪಿತು. ನೋವು ಮತ್ತು ಭಾರ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿದ್ದುದರಿಂದ, ವ್ಯತ್ಯಾಸಕ್ಕೆ ಕಾರಣ ಶ್ರವಣವೊಂದೇ ಎಂಬುದು ಖಚಿತವಾಯಿತು. ಸ್ಪಲ್ಲಂಜಾನಿಯವರು ತಮ್ಮ ಆರನೆಯ ಇಂದ್ರಿಯದ ಊಹೆಯನ್ನು ಕೈಬಿಟ್ಟು, ಬಾವಲಿಗಳು ಕಿವಿಯಿಂದಲೇ ದಾರಿ ಅರಿಯುತ್ತವೆ ಎಂಬ ಜ್ಯೂರಿನ್ ಅವರ ನಿರ್ಣಯವನ್ನು ಒಪ್ಪಿಕೊಂಡರು. ಆದರೆ ಬಾವಲಿಯು ಕೇಳಿಸಿಕೊಳ್ಳುವ ಶಬ್ದ ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅವರಿಂದ ಉತ್ತರ ಕೊಡಲಾಗಲಿಲ್ಲ. ಅವರ ಪ್ರಯೋಗಗಳ ಬಹುಭಾಗ ಹಸ್ತಪ್ರತಿಗಳಲ್ಲಿಯೇ ಉಳಿಯಿತು.

ಸಮಕಾಲೀನರ ತಿರಸ್ಕಾರ

ಫ್ರಾನ್ಸಿನ ಪ್ರಖ್ಯಾತ ಅಂಗರಚನಾ ವಿಜ್ಞಾನಿ ಜಾರ್ಜ್ ಕುವಿಯೆ 1795ರಲ್ಲಿ ಈ ಪ್ರಯೋಗಗಳನ್ನು ವಿಮರ್ಶಿಸಿ, ಬಾವಲಿಗಳು ರೆಕ್ಕೆಯ ಚರ್ಮದ ಸೂಕ್ಷ್ಮ ಸ್ಪರ್ಶಜ್ಞಾನದಿಂದ ಅಡೆತಡೆಗಳನ್ನು ಅರಿಯುತ್ತವೆ ಎಂದು ಪ್ರತಿಪಾದಿಸಿದರು. ಈ ವಾದಕ್ಕೆ ಆಧಾರವಾಗಿ ಅವರು ಸ್ವತಃ ಯಾವ ಪ್ರಯೋಗವನ್ನೂ ನಡೆಸಿರಲಿಲ್ಲ. ವಾರ್ನಿಷ್ ಲೇಪಿಸಿದ ಬಾವಲಿಗಳು ಸರಾಗವಾಗಿ ಹಾರಿದ ಸಂಗತಿಯು ಈ ವಾದಕ್ಕೆ ವಿರುದ್ಧವಾಗಿತ್ತು. ಆದರೂ ಕುವಿಯೆ ಅವರಿಗಿದ್ದ ಪ್ರತಿಷ್ಠೆಯ ಕಾರಣ ಸ್ಪರ್ಶವಾದವೇ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಪಠ್ಯಗ್ರಂಥಗಳಲ್ಲಿ ನೆಲೆನಿಂತಿತು. ಕಿವಿಯಿಂದ ನೋಡುವ ಪ್ರಾಣಿ ಎಂಬ ಮಾತು ಪರಿಹಾಸ್ಯಕ್ಕೂ ಗುರಿಯಾಯಿತು. ಇತಿಹಾಸದಲ್ಲಿ ಈ ಬಗೆಹರಿಯದ ಪ್ರಶ್ನೆಯು ಸ್ಪಲ್ಲಂಜಾನಿಯವರ ಬಾವಲಿ ಸಮಸ್ಯೆ ಎಂದೇ ಹೆಸರಾಯಿತು.

ನಿಧನ

ಕೊನೆಯ ವರ್ಷಗಳಲ್ಲಿ ಸ್ಪಲ್ಲಂಜಾನಿಯವರು ಮೂತ್ರಕೋಶದ ಕಾಯಿಲೆಯಿಂದ ಬಳಲುತ್ತಿದ್ದರು. 11 ಫೆಬ್ರವರಿ 1799ರಂದು ಪಾವಿಯಾದಲ್ಲಿ ನಿಧನರಾದರು. ಅವರ ಮೂತ್ರಕೋಶವನ್ನು ಪಾವಿಯಾ ವಿಶ್ವವಿದ್ಯಾಲಯದ ಇತಿಹಾಸ ಸಂಗ್ರಹಾಲಯದಲ್ಲಿ ಇಂದಿಗೂ ಸಂರಕ್ಷಿಸಿಡಲಾಗಿದೆ. ಬಾವಲಿ ಸಮಸ್ಯೆಯು ಅವರ ಜೀವಿತಕಾಲದಲ್ಲಿ ಬಗೆಹರಿಯಲಿಲ್ಲ.

ನಿರ್ಣಯದ ಸಮರ್ಥನೆ

1912ರಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ನಂತರ, ಸಂಶೋಧಕ ಹಿರಾಮ್ ಮ್ಯಾಕ್ಸಿಮ್ ಬಾವಲಿಗಳು ರೆಕ್ಕೆಯ ಬಡಿತದಿಂದ ಹುಟ್ಟುವ ಮಂದ್ರ ಧ್ವನಿಯ ಪ್ರತಿಧ್ವನಿಯನ್ನು ಗ್ರಹಿಸುತ್ತವೆ ಎಂದು ಊಹಿಸಿ, ಹಡಗುಗಳಿಗೂ ಅಂಥ ಸಾಧನವನ್ನು ಅಳವಡಿಸಬಹುದೆಂದು ಸೂಚಿಸಿದರು. ಪ್ರತಿಧ್ವನಿಯ ಕಲ್ಪನೆ ಸರಿಯಾಗಿದ್ದರೂ ಧ್ವನಿಯ ಬಗೆ ತಪ್ಪಾಗಿತ್ತು. 1920ರಲ್ಲಿ ಕೇಂಬ್ರಿಜ್‌ನ ಶರೀರಕ್ರಿಯಾ ವಿಜ್ಞಾನಿ ಹ್ಯಾಮಿಲ್ಟನ್ ಹಾರ್ಟ್‌ರಿಜ್, ಬಾವಲಿಗಳು ಅತಿ ಹೆಚ್ಚಿನ ಆವರ್ತನದ ಧ್ವನಿಯನ್ನು ಬಳಸುತ್ತಿರಬಹುದೆಂದು ಸೂಚಿಸಿದರು.

1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಜಾರ್ಜ್ ಪಿಯರ್ಸ್ ಅವರು ನಿರ್ಮಿಸಿದ್ದ ಶ್ರವಣಾತೀತ ಧ್ವನಿಗ್ರಾಹಕದ ಮುಂದೆ ಬಾವಲಿಗಳನ್ನು ತಂದರು. ಮೌನವಾಗಿ ಹಾರುವಂತೆ ತೋರುತ್ತಿದ್ದ ಬಾವಲಿಗಳು ವಾಸ್ತವವಾಗಿ ಎಡೆಬಿಡದೆ ಕೂಗುತ್ತಿದ್ದವು. ಮನುಷ್ಯನ ಶ್ರವಣದ ಮೇಲ್ಮಿತಿ ಸುಮಾರು 20 ಕಿಲೋಹರ್ಟ್ಸ್ ಆಗಿರುವುದರಿಂದ ಆ ಕೂಗು ಯಾರಿಗೂ ಕೇಳಿಸಿರಲಿಲ್ಲ. ಮುಂದಿನ ಎರಡು ಮೂರು ವರ್ಷಗಳಲ್ಲಿ ಗ್ರಿಫಿನ್ ಮತ್ತು ರಾಬರ್ಟ್ ಗ್ಯಾಲಂಬಾಸ್, ಕಿವಿಯನ್ನು ಮುಚ್ಚಿದರೂ ಬಾಯಿಯನ್ನು ಕಟ್ಟಿದರೂ ಬಾವಲಿಯು ದಿಕ್ಕು ತಪ್ಪುತ್ತದೆ, ಕಣ್ಣು ಮುಚ್ಚಿದರೆ ತಪ್ಪುವುದಿಲ್ಲ ಎಂದು ತೋರಿಸಿದರು. 1944ರಲ್ಲಿ ಗ್ರಿಫಿನ್ ಈ ಸಾಮರ್ಥ್ಯಕ್ಕೆ ಪ್ರತಿಧ್ವನಿಯಿಂದ ಸ್ಥಾನ ಗುರುತಿಸುವುದು ಎಂಬ ಅರ್ಥದ ಎಕೊಲೊಕೇಶನ್ ಎಂಬ ಹೆಸರನ್ನಿತ್ತರು. ಅದೇ ಕಾಲದಲ್ಲಿ ನೆದರ್ಲೆಂಡ್ಸ್‌ನ ಸ್ವೆನ್ ಡೈಕ್‌ಗ್ರಾಫ್ ಸಹ ಸ್ವತಂತ್ರವಾಗಿ ಇಂಥದೇ ನಿರ್ಣಯಕ್ಕೆ ಬಂದಿದ್ದರು. ಸ್ಪಲ್ಲಂಜಾನಿಯವರ ಅಪ್ರಕಟಿತ ಟಿಪ್ಪಣಿಗಳನ್ನು ಅಧ್ಯಯನ ಮಾಡಿ 1960ರಲ್ಲಿ ಅವುಗಳ ಮಹತ್ವವನ್ನು ವಿವರಿಸಿದವರೂ ಡೈಕ್‌ಗ್ರಾಫ್ ಅವರೇ.

ಪ್ರತಿಧ್ವನಿ ಗ್ರಹಣ ಮತ್ತು ನರವ್ಯವಸ್ಥೆ

ಬಾವಲಿಯು ಗಂಟಲಿನಲ್ಲಿ ಹುಟ್ಟಿಸಿದ ಧ್ವನಿಯನ್ನು ಬಾಯಿ ಅಥವಾ ಮೂಗಿನ ಮೂಲಕ ಹೊರಸೂಸುತ್ತದೆ. ಧ್ವನಿಯು ವಸ್ತುವಿಗೆ ತಾಗಿ ಮರಳುವ ಕಾಲಾವಧಿಯಿಂದ ದೂರ ತಿಳಿಯುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಮೀಟರ್ ದೂರದ ಕೀಟದಿಂದ ಪ್ರತಿಧ್ವನಿ ಮರಳಲು ಸುಮಾರು 6 ಮಿಲಿಸೆಕೆಂಡ್ ಸಾಕು. ಎರಡು ಕಿವಿಗಳಿಗೆ ತಲಪುವ ಪ್ರತಿಧ್ವನಿಯ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ. ಬೇಟೆಯನ್ನು ಹುಡುಕುವಾಗ ಅನೇಕ ಪ್ರಭೇದಗಳು ಸೆಕೆಂಡಿಗೆ ಸುಮಾರು 10 ಬಾರಿ ಕೂಗುತ್ತವೆ. ಕೀಟವನ್ನು ಹಿಡಿಯುವ ಕೊನೆಯ ಕ್ಷಣದಲ್ಲಿ ಈ ಸಂಖ್ಯೆ ಸೆಕೆಂಡಿಗೆ 150ನ್ನೂ ಮೀರಬಹುದು.

ತನ್ನದೇ ಪ್ರಬಲವಾದ ಕೂಗು ಕಿವಿಯನ್ನು ಮಂಕಾಗಿಸಿದರೆ ಕ್ಷೀಣವಾದ ಪ್ರತಿಧ್ವನಿ ಕೇಳಿಸದು. ಆದ್ದರಿಂದ ಪ್ರತಿ ಕೂಗಿಗೆ ಮುಂಚೆ ನಡುಗಿವಿಯ ಸ್ನಾಯುಗಳು ಬಿಗಿಗೊಂಡು, ಕೂಗಿನ ನಂತರ ಸಡಿಲಗೊಳ್ಳುತ್ತವೆ. ಒಳಗಿವಿಯ ಶಂಖಾಕಾರದ ಸುರುಳಿಯಲ್ಲಿ ಧ್ವನಿಯು ನರಸಂಕೇತವಾಗಿ ಮಾರ್ಪಡುತ್ತದೆ. ಆ ಸಂಕೇತವು ಮೆದುಳಿನ ಕಾಂಡ ಮತ್ತು ನಡುಮೆದುಳನ್ನು ದಾಟಿ ಮೆದುಳಿನ ಹೊರಪದರದ ಶ್ರವಣ ಭಾಗವನ್ನು ಸೇರುತ್ತದೆ. ಪ್ರತಿಧ್ವನಿಯನ್ನು ಅವಲಂಬಿಸಿದ ಬಾವಲಿಗಳಲ್ಲಿ ಈ ಮಾರ್ಗದ ಕೇಂದ್ರಗಳು ವಿಶೇಷವಾಗಿ ಬೆಳೆದಿರುತ್ತವೆ.

1970ರ ದಶಕದಿಂದ ನೊಬುವೊ ಸುಗಾ ಮತ್ತು ಸಹೋದ್ಯೋಗಿಗಳು ಅಮೆರಿಕ ಖಂಡದ ಮೀಸೆ ಬಾವಲಿಯ ಮೆದುಳಿನಲ್ಲಿ ವಿಶಿಷ್ಟವಾದ ನರಕೋಶಗಳನ್ನು ಗುರುತಿಸಿದರು. ಈ ನರಕೋಶಗಳು ಕೂಗಿಗಾಗಲಿ ಪ್ರತಿಧ್ವನಿಗಾಗಲಿ ಪ್ರತ್ಯೇಕವಾಗಿ ಹೆಚ್ಚು ಸ್ಪಂದಿಸುವುದಿಲ್ಲ. ಕೂಗು ಮತ್ತು ಪ್ರತಿಧ್ವನಿಗಳ ನಡುವೆ ನಿರ್ದಿಷ್ಟ ಅಂತರವಿದ್ದಾಗ ಮಾತ್ರ ಪ್ರಬಲವಾಗಿ ಸ್ಪಂದಿಸುತ್ತವೆ. ಕೂಗಿನ ಸಂಕೇತವನ್ನು ನರಮಾರ್ಗದಲ್ಲಿ ತುಸು ತಡೆದು, ಮರಳಿ ಬಂದ ಪ್ರತಿಧ್ವನಿಯ ಸಂಕೇತದೊಂದಿಗೆ ಕೂಡಿಸುವುದರಿಂದ ಇದು ಸಾಧ್ಯವಾಗುತ್ತದೆ. ಬೇರೆ ಬೇರೆ ಅಂತರಗಳಿಗೆ ಸ್ಪಂದಿಸುವ ನರಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ, ಮೆದುಳಿನಲ್ಲಿ ದೂರದ ನಕ್ಷೆಯೊಂದು ಏರ್ಪಡುತ್ತದೆ.

ಕುದುರೆಲಾಳ ಬಾವಲಿಗಳು ಹೆಚ್ಚುಕಡಿಮೆ ಒಂದೇ ಆವರ್ತನದಲ್ಲಿ ದೀರ್ಘವಾಗಿ ಕೂಗುತ್ತವೆ. ಮುಂದಕ್ಕೆ ಹಾರುವಾಗ ಡಾಪ್ಲರ್ ಪರಿಣಾಮದಿಂದ ಪ್ರತಿಧ್ವನಿಯ ಆವರ್ತನ ಏರುತ್ತದೆ. ಆಗ ಅವು ತಮ್ಮ ಕೂಗಿನ ಆವರ್ತನವನ್ನು ಇಳಿಸಿ, ಒಳಗಿವಿಯು ಅತಿ ಸೂಕ್ಷ್ಮವಾಗಿ ಗ್ರಹಿಸಬಲ್ಲ ಆವರ್ತನದಲ್ಲಿಯೇ ಪ್ರತಿಧ್ವನಿ ಮರಳುವಂತೆ ಮಾಡುತ್ತವೆ. ಇದನ್ನು 1968ರಲ್ಲಿ ಜರ್ಮನಿಯ ಹಾನ್ಸ್ ಉಲ್ರಿಶ್ ಶ್ನಿಟ್ಸ್‌ಲರ್ ವರದಿ ಮಾಡಿದರು. ಕೀಟದ ರೆಕ್ಕೆಬಡಿತದಿಂದ ಪ್ರತಿಧ್ವನಿಯಲ್ಲಿ ಉಂಟಾಗುವ ಸಣ್ಣ ಕಂಪನವೂ ಈ ಬಾವಲಿಗಳಿಗೆ ತಿಳಿಯುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ

ಸ್ಪಲ್ಲಂಜಾನಿಯವರು ಆರಂಭಿಸಿದ ಅಧ್ಯಯನದ ಒಂದು ಮುಖ್ಯ ಭಾಗವು ದಕ್ಷಿಣ ಭಾರತದಲ್ಲಿ ಮುಂದುವರಿಯಿತು. ಜರ್ಮನಿಯ ಗೆರ್ಹಾರ್ಡ್ ನಾಯ್‌ವೈಲರ್ (1935–2008) ಮತ್ತು ಸಂಗಡಿಗರು ಮದುರೆ ಪರಿಸರದಲ್ಲಿ ಅನೇಕ ಬಾವಲಿ ಪ್ರಭೇದಗಳ ಬೇಟೆ ಮತ್ತು ಶ್ರವಣವನ್ನು ಅಧ್ಯಯನ ಮಾಡಿದರು. ಭಾರತದ ಮೆಗಾಡರ್ಮಾ ಎಂಬ ದೊಡ್ಡ ಕಿವಿಯ ಬಾವಲಿಯು ನೆಲದ ಮೇಲಿನ ಬೇಟೆಯ ಸರಪರ ಸದ್ದನ್ನು ಆಲಿಸಿಯೇ ಅದನ್ನು ಹಿಡಿಯಬಲ್ಲುದು ಎಂಬುದು ಇಂಥ ಸಂಶೋಧನೆಗಳಿಂದ ತಿಳಿದುಬಂದಿತು.

ಕರ್ನಾಟಕದಲ್ಲಿ ಎರಡು ಪ್ರಭೇದಗಳು ವಿಶೇಷ ಗಮನ ಸೆಳೆದಿವೆ. ಬೆಳಗಾವಿ ಸಮೀಪದ ಬಾರಾಪೇಡೆ ಗುಹೆಯಲ್ಲಿ ದೊರೆತ ರಾಟನ್ನನ ಬಾವಲಿಯನ್ನು 1913ರಲ್ಲಿ ಮೊದಲ ಬಾರಿಗೆ ವಿವರಿಸಲಾಯಿತು. ಕೋಲಾರ ಜಿಲ್ಲೆಯ ಎಲೆಮೂಗಿನ ಬಾವಲಿಯು ಅತ್ಯಂತ ಸೀಮಿತ ನೆಲೆಯಲ್ಲಿ ಉಳಿದಿರುವ, ಅಳಿವಿನ ಅಂಚಿನ ಪ್ರಭೇದವಾಗಿದೆ.

ರಾಯಚೂರು ಸೀಮೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯು ಬಂಡೆಗುಡ್ಡಗಳು ಮತ್ತು ಹಳೆಯ ಕೋಟೆಗಳ ಒಣ ಪ್ರದೇಶ. ರಾಯಚೂರು ನಗರದ ಕೋಟೆಯಲ್ಲಿ 1294ರ ಶಾಸನವಿದೆ. ಕೋಟೆಗೋಡೆಗಳ ಸಂದು, ಬಂಡೆಗಳ ಬಿರುಕು, ಹಾಳುಬಿದ್ದ ಗುಡಿ ಮತ್ತು ಬಾವಿಗಳಂಥ ತಾಣಗಳನ್ನು ಕೀಟಾಹಾರಿ ಬಾವಲಿಗಳು ಆಶ್ರಯಿಸುತ್ತವೆ. ಮುಸ್ಸಂಜೆಯಲ್ಲಿ ಬೀದಿದೀಪಗಳ ಸುತ್ತ ಸುಳಿದಾಡುವ ಪುಟ್ಟ ಬಾವಲಿಗಳು ಈ ಗುಂಪಿನವು. ದೊಡ್ಡ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ತೊಗಲುಬಾವಲಿಗಳು ಹಣ್ಣು ತಿನ್ನುವ ಬೇರೊಂದು ಗುಂಪಿಗೆ ಸೇರಿದ್ದು, ಅವು ಕಣ್ಣು ಮತ್ತು ಮೂಗನ್ನು ಅವಲಂಬಿಸುತ್ತವೆ. ಬಾವಲಿಗಳೆಲ್ಲ ಕುರುಡು ಎಂಬ ರೂಢಿಯ ಮಾತು ಎರಡೂ ಗುಂಪುಗಳ ವಿಷಯದಲ್ಲಿ ತಪ್ಪು.

ಕೀಟಾಹಾರಿ ಬಾವಲಿಗಳ ಶ್ರವಣಸಾಮರ್ಥ್ಯಕ್ಕೆ ಕೃಷಿಯಲ್ಲಿಯೂ ಮಹತ್ವವಿದೆ. ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರು ದೊರೆಯುತ್ತದೆ. ಭತ್ತ ಮತ್ತು ಹತ್ತಿ ಈ ಭಾಗದ ಮುಖ್ಯ ಬೆಳೆಗಳು. ಥಾಯ್ಲೆಂಡಿನಲ್ಲಿ ಭತ್ತದ ಜಿಗಿಹುಳುಗಳನ್ನೂ ಅಮೆರಿಕದ ಟೆಕ್ಸಾಸಿನಲ್ಲಿ ಹತ್ತಿ ಕಾಯಿಕೊರಕದ ಪತಂಗಗಳನ್ನೂ ಬಾವಲಿಗಳು ದೊಡ್ಡ ಪ್ರಮಾಣದಲ್ಲಿ ತಿನ್ನುವುದನ್ನು ಅಧ್ಯಯನಗಳು ದಾಖಲಿಸಿವೆ. ಕಾಯಿಕೊರಕದ ಪತಂಗ ಸೇರಿರುವ ಕುಟುಂಬದ ಪತಂಗಗಳಿಗೂ ಬಾವಲಿಯ ಕೂಗನ್ನು ಕೇಳುವ ಕಿವಿಗಳಿವೆ. ಪ್ರತಿ ಕಿವಿಯಲ್ಲಿ ಧ್ವನಿಯನ್ನು ಗ್ರಹಿಸುವುದು ಎರಡೇ ನರಕೋಶಗಳು. ದೂರದ ಬಾವಲಿಯ ಸದ್ದು ಕೇಳಿದರೆ ಪತಂಗ ದಿಕ್ಕು ಬದಲಿಸುತ್ತದೆ, ಸದ್ದು ತೀರ ಹತ್ತಿರವಾದರೆ ಅಡ್ಡಾದಿಡ್ಡಿಯಾಗಿ ಹಾರುತ್ತ ಕೆಳಗೆ ಬೀಳುತ್ತದೆ. ಹೊಲದ ಮೇಲಿನ ಕತ್ತಲಲ್ಲಿ ನಡೆಯುವ ಈ ಬೇಟೆಯಲ್ಲಿ ಎರಡೂ ಕಡೆಯವರು ಕಿವಿಯನ್ನೇ ನೆಚ್ಚಿರುತ್ತಾರೆ.

ಮೌಲ್ಯಮಾಪನ

ಸ್ಪಲ್ಲಂಜಾನಿಯವರ ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ತೀವ್ರ ಹಿಂಸೆಯಾಯಿತು. ಕಣ್ಣು ಮತ್ತು ನಾಲಗೆಯನ್ನು ನಾಶಪಡಿಸುವ ವಿಧಾನಗಳಿಗೆ ಇಂದಿನ ಸಂಶೋಧನಾ ನೀತಿಯಲ್ಲಿ ಅವಕಾಶವಿಲ್ಲ. ಈಗ ಬಾವಲಿಗಳನ್ನು ಮುಟ್ಟದೆಯೇ ಅವುಗಳ ಕೂಗನ್ನು ಶ್ರವಣಾತೀತ ಧ್ವನಿಗ್ರಾಹಕದಿಂದ ದಾಖಲಿಸಿ ಪ್ರಭೇದವನ್ನು ಗುರುತಿಸುವ ವಿಧಾನ ಬಳಕೆಯಲ್ಲಿದೆ.

ವಿಜ್ಞಾನದ ಇತಿಹಾಸದಲ್ಲಿ ಅವರ ಬಾವಲಿ ಪ್ರಯೋಗಗಳಿಗೆ ಎರಡು ಕಾರಣಗಳಿಂದ ವಿಶೇಷ ಸ್ಥಾನವಿದೆ. ಮೊದಲನೆಯದಾಗಿ, ತಾವೇ ಮುಂದಿಟ್ಟ ಊಹೆಯನ್ನು ವಿರುದ್ಧ ಪುರಾವೆ ದೊರೆತೊಡನೆ ಅವರು ಕೈಬಿಟ್ಟರು. ಎರಡನೆಯದಾಗಿ, ಕಾರಣವನ್ನು ವಿವರಿಸಲಾಗದಿದ್ದರೂ ಪ್ರಯೋಗದಿಂದ ಸಿದ್ಧವಾದ ಸಂಗತಿಯನ್ನು ಅವರು ಅಲ್ಲಗಳೆಯಲಿಲ್ಲ. ಬಾವಲಿಯ ಧ್ವನಿಯನ್ನು ಕೇಳುವ ಉಪಕರಣ ಅವರ ಕಾಲದಲ್ಲಿ ಇರಲಿಲ್ಲ. ಅದು ಬಂದಾಗ, ಹೆಚ್ಚು ಪ್ರಸಿದ್ಧರಾಗಿದ್ದ ಕುವಿಯೆ ಅವರ ವಾದ ಬಿದ್ದುಹೋಗಿ, ಪಾವಿಯಾ ಮತ್ತು ಜಿನೀವಾದ ಪ್ರಯೋಗಗಳು ಉಳಿದುಕೊಂಡವು.

ಸ್ಕಾಂಡಿಯಾನೊದಲ್ಲಿ ಅವರ ಪ್ರತಿಮೆಯಿದೆ. ಜರ್ಮನ್ ಲೇಖಕ ಹಾಫ್‌ಮನ್ 1816ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನ ಪಾತ್ರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.